ಬೀಳಲಿಕ್ಕೊಂದು ಅಂದಾಜು ಪಟ್ಟಿ

ನಮ್ಮ ಸೀಮೆಯಲ್ಲಿ ಊರಿಗೆ ಏನೇ ಆಗಬೇಕಿದ್ದರೂ ಮೊದಲು ಪಟ್ಟಿ ಏಳಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕರಲ್ಲಿ ಎಲ್ಲಿಯೇ ಹುಟ್ಟಿದ ಮನುಷ್ಯನಾಗಲಿ, ತೆರಿಗೆ ಕಟ್ಟದೆ ತಪ್ಪಿಸಿಕೊಂಡಾನು, ಪಟ್ಟಿ ಕೊಡದೆ ತಪ್ಪಿಸಿಕೊಳ್ಳಲಾರ. ಜಾತ್ರೆಯ ಪಟ್ಟಿ, ಗಣಪತಿ ಪಟ್ಟಿ, ಜಂಗಿ ಕುಸ್ತಿಯ ಪಟ್ಟಿ, ತೆರಬಂಡಿ ಶರ್ಯತ್ತಿನ ಪಟ್ಟಿ, ಪುರಾಣ ಹಚ್ಚಿದರೆ ಪುರಾಣದ ಪಟ್ಟಿ, ಪುರಾಣ ಮುಗಿದರೆ ಮಹಾಪ್ರಸಾದದ ಪಟ್ಟಿ. ಪಾವತಿ ಪುಸ್ತಕ ಹಿಡಿದು ನಾಲ್ಕು ಮಂದಿ ಬಾಗಿಲಿಗೆ ಬಂದಾಗ ‘ಯಾತಕ್ಕ’ ಎಂದು ಕೇಳುವವನು ಊರಿಗೆ ಹೊಸಬನೇ ಇರಬೇಕು. ‘ನಂದೆಷ್ಟ ಹಚ್ಚೀರಿ’ ಎಂದು ಕೇಳುವುದೇ ಇಲ್ಲಿಯ ರೀತಿ.

ಬೇಸಿಗೆ ಸೂಟಿಗೆ ಬೆಂಗಳೂರಿನಿಂದ ಬನಹಟ್ಟಿಗೆ ಬಂದ ಅಕ್ಕನ ಮೊಮ್ಮಗಳು ಈ ರೀತಿಯನ್ನು ಯಾರೂ ಹೇಳಿಕೊಡದೆ ಕಲಿತುಬಿಟ್ಟಿದ್ದಳು. ಅವಳ ಚೀಲದಿಂದ ಬಟ್ಟೆಗಿಂತ ಮೊದಲು ಹೊರಬಿದ್ದದ್ದು ನಾಲ್ಕು ಗಾಲಿಯ ಒಂದು ಹಲಗೆ. ಸ್ಕೇಟ್‌ಬೋರ್ಡ್. ಓಣಿಯ ಹುಡುಗರೆಲ್ಲ ಸುತ್ತ ನೆರೆದರು. ಹಲಗೆ ಹತ್ತಿ ಓಣಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಹುಡುಗಿ ಒಂದು ಕಡೆ, ಹಲಗೆ ಒಂದು ಕಡೆ. ಆ ಗಾಲಿಯ ಅಡ್ಡಳತೆ ಎರಡು ಇಂಚಿನ ಆಸುಪಾಸು. ಹುರುಳಿಕಾಳಿನಷ್ಟು ಹರಳು ಅಡ್ಡ ಬಂದರೂ ಅದು ಗಕ್ಕನೆ ನಿಲ್ಲುತ್ತದೆ; ಮೇಲಿದ್ದವರು ನಿಲ್ಲುವುದಿಲ್ಲ. ನಮ್ಮ ರಸ್ತೆಗಳಾದರೋ ಡಾಂಬರು ಆರುವ ಮೊದಲೇ ನಳದ ಪೈಪಿಗೆ ಅಗೆಸಿಕೊಂಡವು. ನುಣ್ಣನೆಯ ನೆಲ ಹುಡುಕುತ್ತ ಅವಳು ಹುಡುಗರ ದಂಡು ಕಟ್ಟಿಕೊಂಡು ಒಂದು ಕಲ್ಯಾಣ ಮಂಟಪಕ್ಕೆ ನುಗ್ಗಿದಳು. ಕಾವಲಿನವನು ಓಡಿಸಿದ. ಬಂದವಳೇ ಮೊಣಕಾಲಿಗೆ ಅರಿಸಿನ ಹಚ್ಚಿಸಿಕೊಳ್ಳುತ್ತ ಕೇಳಿದಳು: “ಅಜ್ಜಾ, ಇಲ್ಲೊಂದು ಸ್ಕೇಟ್‌ಪಾರ್ಕ್ ಕಟ್ಟಿಸೋಕೆ ಎಷ್ಟಾಗತ್ತೆ?”

ಎಷ್ಟು ಎಂದು ಕೇಳಿದ ಮೇಲೆ ಲೆಕ್ಕ ಹಾಕದಿರುವುದು ಹೇಗೆ? ಸಂಜೆ ಚಹಾದಂಗಡಿಯ ಕಟ್ಟೆಗೆ ಸುದ್ದಿ ಒಯ್ದೆ. ಅಲ್ಲಿ ನಿವೃತ್ತ ಓವರ್‌ಸಿಯರ್ ಸಾಹೇಬರಿದ್ದರು, ಮಗ್ಗ ರಿಪೇರಿ ಮಾಡುವ ಜಾಬರ್ ಇದ್ದ, ಊರಿನ ಅರ್ಧ ಮನೆಗಳ ಗೋಡೆ ಎತ್ತಿದ ಗೌಂಡಿ ಕಾಕಾ ಇದ್ದರು. ಜಮಖಂಡಿಯಿಂದ ಬಂದಿದ್ದ ನಿವೃತ್ತ ಮಾಸ್ತರರು, ಮುಧೋಳದ ನನ್ನ ಷಡ್ಡಕ, ಬೀಳಗಿ ಕಡೆಯ ಸೋದರಮಾವ ಕೂಡಿದ ಮೇಲಂತೂ ಅದು ನಾಲ್ಕು ತಾಲೂಕುಗಳ ಸಭೆಯೇ ಆಯಿತು.

ನನ್ನ ಜೊತೆಗೆ ಬಂದಿದ್ದ ಹುಡುಗಿ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ನೀರಿಲ್ಲದ ಈಜುಕೊಳದಂಥ ಕಾಂಕ್ರೀಟಿನ ಬೋಗುಣಿ, ಅದರ ಅಂಚಿಗೆ ಕೂಡಿಸಿದ ಉಕ್ಕಿನ ಪೈಪು, ನೆಲದಿಂದ ಬಾಗುತ್ತ ಎದ್ದು ಗೋಡೆಯಾಗುವ ಇಳಿಜಾರು. ಇಂಥ ಬೋಗುಣಿಗಳನ್ನು ಮೊದಲು ಯಾರೂ ಸ್ಕೇಟಿಗೆಂದು ಕಟ್ಟಿದ್ದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬರ ಬಿದ್ದು ಮನೆಮನೆಯ ಈಜುಕೊಳಗಳು ಬತ್ತಿದಾಗ ಅಲ್ಲಿಯ ಪುಂಡ ಹುಡುಗರು ಬೇಲಿ ಹಾರಿ ಒಳಗಿಳಿದು ಹಲಗೆ ಓಡಿಸಿದರು. ಅದೇ ಹೊತ್ತಿಗೆ ಹಲಗೆಗೆ ಪಾಲಿಯುರೆಥೇನಿನ ಮೆತ್ತನೆಯ ಗಾಲಿ ಬಂದಿತ್ತು. ನೆಲವನ್ನು ಹಿಡಿದು ಏರುವ ಗಾಲಿ. ಬರದಿಂದಲೂ ಒಂದು ಆಟ ಹುಟ್ಟಬಹುದು ಎಂದು ಕೇಳಿ ಬೀಳಗಿ ಮಾಮಾ ನಿಟ್ಟುಸಿರಿಟ್ಟರು. “ಹಂಗಂದ್ರ ನಮ್ಮ ಕಡೆ ಇಷ್ಟೊತ್ತಿಗೆ ನೂರು ಆಟ ಹುಟ್ಟಬೇಕಿತ್ತಲ್ಲೋ.”

ಮೊದಲ ಜಗಳ ಜಾಗದ್ದು. ನಾಲ್ಕು ಊರಿಗೂ ತಮ್ಮ ತಮ್ಮ ಹಕ್ಕು ಇತ್ತು. ಜಮಖಂಡಿ ಮಾಸ್ತರರು, “ನಮ್ಮದು ಪಟವರ್ಧನ ಮಹಾರಾಜರ ಊರು. ಪೋಲೋ ಮೈದಾನ ಅಂತಲೇ ಮೈದಾನ ಐತಿ. ಆಟಕ್ಕ ಜಾಗ ಬಿಡೂದು ನಮಗ ಹೊಸದಲ್ಲ” ಎಂದರು. ಮುಧೋಳದ ಷಡ್ಡಕ ಬಿಡುವನೇ? ಘೋರ್ಪಡೆಯವರ ಸಂಸ್ಥಾನ ಎಂದ, ನಮ್ಮ ನಾಯಿಯ ಓಟಕ್ಕೆ ಮೆಚ್ಚಿ ಅಂಚೆ ಇಲಾಖೆ 2005ರಲ್ಲಿ ಚೀಟಿ ತೆಗೆದಿದೆ ಎಂದ, ಸುಣ್ಣಗಲ್ಲಿನ ನೆಲ, ತಾಲೂಕಿನಲ್ಲೇ ಸಿಮೆಂಟು ಕಾರ್ಖಾನೆ, ಲಾರಿ ಬಾಡಿಗೆ ಉಳಿತಾಯ ಎಂದ. ಕಡೆಗೆ ರನ್ನನನ್ನೇ ಕರೆತಂದ. ಗದಾಯುದ್ಧ ಬರೆದ ಕವಿ ನಮ್ಮ ಮುಧೋಳದವನು. ತೊಡೆ ಮುರಿದುಕೊಳ್ಳುವ ವಿಷಯದಲ್ಲಿ ನಮ್ಮೂರಿಗೆ ಸಾವಿರ ವರ್ಷದ ಅನುಭವವಿದೆ, ಹೀಗಾಗಿ ಪಾರ್ಕು ಅಲ್ಲಿಯೇ ಆಗತಕ್ಕದ್ದು. ಈ ವಾದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ.

ಜಾಬರ್ ಮಾತ್ರ ಇದ್ಯಾವುದನ್ನೂ ಕೇಳದೆ ಹಲಗೆಯನ್ನು ತಿರುವಿಹಾಕಿ ಗಾಲಿಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದ. ಮಗ್ಗದ ಕಾಯಿಲೆಯನ್ನು ಸಪ್ಪಳದಲ್ಲೇ ಹಿಡಿಯುವವನು ಅವನು. “ಇದು 608 ಐತ್ರಿ. ಒಳಗ ಎಂಟು ಎಂ.ಎಂ., ಹೊರಗ ಇಪ್ಪತ್ತೆರಡು. ಉಸುಕು ಹೊಕ್ಕೈತಿ, ಅದಕ್ಕ ಗೊರಗೊರ ಅಂತೈತಿ” ಎಂದ. ಅಲ್ಲಿಯೇ ಚಿಮಣಿ ಎಣ್ಣೆ ತರಿಸಿ ಎಂಟೂ ಬೇರಿಂಗುಗಳನ್ನು ಬಿಚ್ಚಿ, ಚಹಾದ ಬಸಿಯಲ್ಲಿ ತೊಳೆದು, ಒರೆಸಿ ಕೂಡಿಸಿದ. ಗಾಲಿ ಈಗ ಸಪ್ಪಳವಿಲ್ಲದೆ ತಿರುಗತೊಡಗಿತು. ಅವನು ಒಂದು ಕಪ್ ಚಹಾ ಕುಡಿದು ಮುಗಿಸುವ ತನಕ ತಿರುಗುತ್ತಲೇ ಇತ್ತು. ಹುಡುಗಿ ಅವನನ್ನು ನೋಡಿದ ಬಗೆಯಲ್ಲಿ ರಬಕವಿ-ಬನಹಟ್ಟಿಯ ಹಕ್ಕು ಸಾಬೀತಾಗಿತ್ತು. ಬೇರಿಂಗ್ ಗೊತ್ತಿದ್ದ ಊರಲ್ಲೇ ಪಾರ್ಕು.

ಇನ್ನು ಅಂದಾಜು. ಓವರ್‌ಸಿಯರ್ ಸಾಹೇಬರು ಕಿಸೆಯಿಂದ ಪೆನ್ನು ತೆಗೆದರೆಂದರೆ ಅವರ ವಯಸ್ಸು ಇಪ್ಪತ್ತು ವರ್ಷ ಕಡಿಮೆಯಾಗುತ್ತದೆ. 80 ಅಡಿ ಉದ್ದ, 50 ಅಡಿ ಅಗಲ, 5 ಇಂಚು ದಪ್ಪದ ಕಾಂಕ್ರೀಟು: 47 ಘನ ಮೀಟರು. ಮೀಟರಿಗೆ 8 ಚೀಲ ಹಿಡಿದರೆ 380 ಚೀಲದ ಹತ್ತಿರ ಸಿಮೆಂಟು, ಏಳೂವರೆ ಬ್ರಾಸ್ ಉಸುಕು, ಹದಿನಾಲ್ಕು ಬ್ರಾಸ್ ಖಡಿ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದದ್ದನ್ನು ಅವರು ತಾವೇ ಇಳಿಸಿದಷ್ಟು ಹೆಮ್ಮೆಯಿಂದ ನಮೂದಿಸಿದರು. “ಇದು ಬರೇ ಸಪಾಟ ನೆಲದ್ದು” ಎಂದು ಗೆರೆ ಎಳೆದು, ಮುಂದಿನ ಸಾಲಿಗೆ ಹೋದರು. ಮುಂದಿನ ಸಾಲಿನಲ್ಲಿ ಭೂಮಿ ಇತ್ತು.

ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಕಬ್ಬಿಗೆ ಅದು ತಾಯಿ, ಕಾಂಕ್ರೀಟಿಗೆ ಅತ್ತೆ. ಮೇಲಿನ ಎರಿಯನ್ನು ಅಗೆದು ಸಾಗಿಸಿ, ಗರಸು ತಂದು ತುಂಬಿ, ಪದರು ಪದರಾಗಿ ನೀರು ಹೊಡೆದು ರೋಲರ್ ಹಾಯಿಸದಿದ್ದರೆ ಮೇಲಿನ ಹಾಸು ಎರಡು ಮಳೆಗಾಲಕ್ಕೆ ಸೀಳುತ್ತದೆ. ಕೂದಲೆಳೆಯ ಬಿರುಕನ್ನು ನಮ್ಮ ಕಾಲು ಸಹಿಸುತ್ತದೆ, ಎರಡಿಂಚಿನ ಗಾಲಿ ಸಹಿಸದು. ಬೋಗುಣಿಯ ತಳದಲ್ಲಿ ನೀರು ಹೋಗಲು ಪೈಪು ಬೇಕು; ಇಲ್ಲದಿದ್ದರೆ ಅದು ಪಾರ್ಕಾಗದೆ ಹೊಂಡವಾಗುತ್ತದೆ. ಹೀಗೆ ಖರ್ಚಿನ ದೊಡ್ಡ ಪಾಲು ನೆಲದ ಕೆಳಗೇ ಹೋಯಿತು. “ಕಾಣದ ಕೆಲಸಕ್ಕ ಪಟ್ಟಿ ಎತ್ತೂದು ಭಾಳ ಕಷ್ಟ. ಮಂದಿಗೆ ಕಳಸ ಕಾಣಬೇಕು” ಎಂದರು ಮಾಸ್ತರರು. ಅಲ್ಲಿಯ ತನಕ ಸುಮ್ಮನಿದ್ದ ಬೀಳಗಿ ಮಾಮಾ ಸಮಯ ನೋಡಿ, ತಮ್ಮ ಕಡೆ ಕಲ್ಲು ನೆಲವೂ ಇದೆ, ಬುನಾದಿಯ ಖರ್ಚೇ ಇಲ್ಲ ಎಂದು ತಮ್ಮ ತಾಲೂಕನ್ನು ಮತ್ತೆ ಸ್ಪರ್ಧೆಗೆ ಇಳಿಸಿದರು.

ಗೌಂಡಿ ಕಾಕಾರ ಸಂಕಟ ಬೇರೆ. ಮೂಲೆಮಟ್ಟ, ರಸಮಟ್ಟ, ತೂಗುಗುಂಡು ಹಿಡಿದು ಜೀವನವಿಡೀ ನೆಟ್ಟಗೆ ಕಟ್ಟಿದವರು. ಅವರು ಕಟ್ಟಿದ ಗೋಡೆ ಒಂದು ನೂಲು ವಾಲಿದ್ದನ್ನು ಯಾರೂ ಕಂಡಿಲ್ಲ. ಈಗ ನಾವು ಕೇಳುತ್ತಿರುವುದು ನೆಲ ಯಾವುದು, ಗೋಡೆ ಯಾವುದು ಎಂದು ತಿಳಿಯದಂತೆ ಬಾಗಿದ ಕಾಂಕ್ರೀಟು. ನಾಲ್ಕು ಅಡಿ ಎತ್ತರ, ಆರು ಅಡಿ ತ್ರಿಜ್ಯ ಎಂದಳು ಹುಡುಗಿ. ಸಾಹೇಬರು ಲೆಕ್ಕ ಬಿಡಿಸಿದರು: ನೆಲದ ಮೇಲೆ ಅದು ಹಿಡಿಯುವುದು ಐದೂವರೆ ಅಡಿಗಿಂತ ತುಸು ಹೆಚ್ಚು, ಬಾಗಿನ ಮೇಲೆ ಅಳೆದರೆ ಏಳು ಅಡಿ ನಾಲ್ಕೂವರೆ ಇಂಚು. “ಬಾಗಿದಷ್ಟೂ ಬಿಲ್ಲು ಬೆಳೀತೈತಿ” ಎಂದು ಜಾಬರ್ ನಕ್ಕ. ಕಾಕಾ ನಗಲಿಲ್ಲ. ಸುಣ್ಣದ ಗೋಡೆಯ ಮೇಲೆ ದಾರಕ್ಕೆ ಇದ್ದಲಿ ಕಟ್ಟಿ ಆರಡಿಯ ಕಮಾನು ಬರೆದರು. ಪ್ಲೈವುಡ್ಡಿನಲ್ಲಿ ಇದೇ ಅಳತೆಯ ಪಟ್ಟಿ ಕೊಯ್ದುಕೊಂಡು, ಕಾಂಕ್ರೀಟು ಹಸಿಯಿದ್ದಾಗಲೇ ಆ ಪಟ್ಟಿಯಿಂದ ಎಳೆಯುತ್ತ ಬರಬೇಕು. ಮೇಲಿನಿಂದ ಜಾರುವ ಮಾಲನ್ನು ಥಾಪಿಯಿಂದ ತಡೆಯಬೇಕು. ಕೈ ನಿಲ್ಲಿಸಿದಲ್ಲಿ ಗುರುತು ಉಳಿಯುತ್ತದೆ, ಅದಕ್ಕೇ ನಡುವೆ ಕೈ ನಿಲ್ಲಿಸುವಂತಿಲ್ಲ. ಆಮೇಲೆ 28 ದಿನ ನೀರು, ಅಷ್ಟೂ ದಿನ ಹುಡುಗರನ್ನು ಆಚೆ ಇಡಲು ಒಬ್ಬ ಕಾವಲುಗಾರ. “ಆಕ್ಕೈತಿ. ಬಾವಿ ಕಟ್ಟಿದ ಕೈಗಿ ಇದೇನ ಕಠಿಣ?” ಎಂದರು ಕಡೆಗೆ. ಅವರ ತಂದೆ ಕಟ್ಟಿದ ದುಂಡು ಬಾವಿಗಳು ಅವರಿಗೆ ಆಗ ನೆನಪಾದವು. ಬೀಳಗಿಯ ಅರೆಟ್ಟಿನ ಬಾವಿಯನ್ನು ನೋಡಿದವರಿಗೆ ನಮ್ಮ ಸೀಮೆಯಲ್ಲಿ ಕಲ್ಲು ಕೆಲಸದವರು ಭೂಮಿಯ ಒಳಗೂ ಚೆಲುವು ಕಟ್ಟಿದ್ದರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಷ್ಟರ ತನಕ ಲೆಕ್ಕ ಹುಡುಗರದಾಗಿತ್ತು. ಎರಡನೆಯ ಚಹಾ ಬಂದ ಮೇಲೆ ಊರಿನದಾಯಿತು. ಕಮಾನು ಬೇಡವೇ? ಬೇಕು. ಕಮಾನಿಗೆ ಎರಡು ಆನೆ? ಇರಲಿ. ಕಾಂಪೌಂಡು, ಗೇಟು, ಹೈಮಾಸ್ಟ್ ದೀಪ, ಗಣ್ಯರಿಗೆ ವೇದಿಕೆ, ದಾನಿಗಳ ಹೆಸರಿಗೆ ಕರಿಕಲ್ಲು. ಉದ್ಘಾಟನೆಗೆ ಶಾಮಿಯಾನ, ಶಾಲು, ಹಾರ, ನೆನಪಿನ ಕಾಣಿಕೆ, ಶಿರಾ-ಉಪ್ಪಿಟ್ಟು, ಡಾಲ್ಬಿ. ಡಾಲ್ಬಿ ಎಷ್ಟು ಪೆಟ್ಟಿಗೆಯದು ಎಂಬಲ್ಲಿ ಕೊಂಚ ಬಿಸಿಬಿಸಿ ಮಾತಾಯಿತು. ಸಾಹೇಬರು ಕೂಡಿಸಿ ನೋಡಿದರೆ ಹುಡುಗರ ನೆಲಕ್ಕಿಂತ ದೊಡ್ಡವರ ಕಮಾನು ಎರಡು ಪಟ್ಟು ಹೆಚ್ಚು. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಸ್ಥಳೀಯ ಅಭಿವೃದ್ಧಿ ನಿಧಿ ಇರುತ್ತದೆ, ಕೇಳಿದರಾಯಿತು ಎಂದ ಷಡ್ಡಕ. ಆದರೆ ಅಲ್ಲಿ ಸಮುದಾಯ ಭವನ ಎಂದರೆ ಸಲೀಸು. ಸ್ಕೇಟ್‌ಪಾರ್ಕು ಎಂದು ಬರೆದರೆ ಕಡತ ಯಾವ ಮೇಜಿಗೆ ಹೋಗಬೇಕು? “ಹಂಗಾದ್ರ ಸಮುದಾಯ ಭವನ ಅಂತ ಬರ್ಸೂಣು. ಛತ್ತು ಹಾಕೂದ್ರೊಳಗ ರೊಕ್ಕ ತೀರಿತು ಅಂದ್ರ ಆತು, ಉಳಿದ ಫರಸಿನ ಮ್ಯಾಲ ಹುಡುಗೂರು ಆಡತಾವ” ಎಂದರು ಮಾಮಾ. ಇಷ್ಟು ವಾಸ್ತವಿಕವಾದ ಯೋಜನೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮಾಸ್ತರರು ಮಾಸ್ತರರೇ. “ಅದೆಲ್ಲಾ ಖರೆ. ಇದರಿಂದ ಫಾಯದೆ ಏನು?” ಎಂದು ಕೇಳಿಯೇಬಿಟ್ಟರು. ಹುಡುಗಿ ತಯಾರಾಗಿಯೇ ಇದ್ದಳು. ಟೋಕಿಯೊ ಒಲಿಂಪಿಕ್ಸಿಗೆ ಈ ಆಟ ಸೇರಿತು, 2021ರಲ್ಲಿ ಅಲ್ಲಿ ಚಿನ್ನ ಗೆದ್ದ ಮೊಮಿಜಿ ನಿಶಿಯಾಗೆ 13 ವರ್ಷ, ಬೆಳ್ಳಿ ಗೆದ್ದ ಕೊಕೊನಾ ಹಿರಾಕಿಗೆ 12 ಎಂದಳು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್ ಎಂಬ ಹಳ್ಳಿಯಲ್ಲಿ ಉಲ್ರಿಕೆ ರೈನ್‌ಹಾರ್ಡ್ ಎಂಬ ಜರ್ಮನ್ ಹೆಣ್ಣುಮಗಳು 2015ರಲ್ಲಿ ಸ್ಕೇಟ್‌ಪಾರ್ಕ್ ಮಾಡಿದ್ದಾಳೆ; ಅಲ್ಲಿ ಶಾಲೆಗೆ ಹೋಗದವರಿಗೆ ಹಲಗೆ ಇಲ್ಲ, ಹುಡುಗಿಯರ ಪಾಳಿ ಮೊದಲು; ಆ ಹಳ್ಳಿಯ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ಗೆ ವಿಶ್ವ ಚಾಂಪಿಯನ್‌ಷಿಪ್ಪಿಗೆ ಹೋಗಿಬಂದಳು ಎಂದಳು. ರಾಜಸ್ಥಾನದ ಖೇಂಪುರದಲ್ಲಿ ಸಿನಿಮಾ ತೆಗೆಯುವವರು ಚಿತ್ರೀಕರಣಕ್ಕೆಂದು ಕಟ್ಟಿದ ಪಾರ್ಕನ್ನು ಹಳ್ಳಿಯ ಮಕ್ಕಳಿಗೇ ಬಿಟ್ಟುಹೋದರು ಎಂದಳು. ಮಾಸ್ತರರ ಕಣ್ಣಲ್ಲಿ ಪದಕ ಹೊಳೆಯಿತು. “ನೀನೂ ತರತೀ ಏನವಾ?” ಹುಡುಗಿ ಎಂದಳು: “ನನಗೆ ಮೆಡಲ್ ಬೇಡ. ಒಂದು ಓಲೀ ಬಂದ್ರೆ ಸಾಕು.” ಮಾಸ್ತರರು ಅದನ್ನು ಕಿವಿಯೋಲೆ ಎಂದು ತಿಳಿದು, ಬಡವರ ಮನೆಯ ಮಗು ಎಷ್ಟು ಅಲ್ಪತೃಪ್ತೆ ಎಂದು ಮರುಗಿದರು. ಹಲಗೆಯ ಸಮೇತ ನೆಲ ಬಿಟ್ಟು ಒಂದು ಗೇಣು ಜಿಗಿಯುವುದಕ್ಕೆ ಆ ಹೆಸರು ಎಂದು ತಿಳಿಸಲು ಹೊತ್ತು ಹಿಡಿಯಿತು.

ರೊಕ್ಕದ ಮಾತು ಬಂದಾಗ ನಮ್ಮವರು ಸಣ್ಣವರೇನೂ ಅಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ಬ್ಯಾರೇಜು ಎದ್ದದ್ದು ಸರಕಾರದ ಬಜೆಟ್ಟಿನಿಂದಲ್ಲ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಪಟ್ಟಿ ಎತ್ತಿದರು, ತಾವೇ ಬುಟ್ಟಿ ಹೊತ್ತರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಆ ಬೆವರಿನ ಬಲ ಎಷ್ಟಿತ್ತೆಂದರೆ 1991ರ ಲೋಕಸಭಾ ಚುನಾವಣೆಯಲ್ಲಿ ಬ್ಯಾರೇಜ್ ಸಿದ್ದು ಎಂದೇ ಹೆಸರಾದ ಆ ಮನುಷ್ಯ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಬ್ಯಾರೇಜು ಎದ್ದ ಮರುವರ್ಷವೇ, 1990ರಲ್ಲಿ, ಭೂಗೋಳದ ಆಚೆ ಬದಿಯ ಪೋರ್ಟ್‌ಲ್ಯಾಂಡಿನಲ್ಲಿ ಸ್ಕೇಟ್ ಹುಡುಗರು ಬರ್ನ್‌ಸೈಡ್ ಸೇತುವೆಯ ಕೆಳಗೆ ಯಾರ ಅಪ್ಪಣೆಯನ್ನೂ ಕೇಳದೆ ತಾವೇ ಸಿಮೆಂಟು ಕಲಸಿ ಪಾರ್ಕು ಕಟ್ಟಲು ತೊಡಗಿದರು. ನಗರಾಡಳಿತ ಒಪ್ಪಿದ್ದು ಆಮೇಲೆ. ನಮ್ಮ ರೈತರಿಗೂ ಆ ಪುಂಡರಿಗೂ ಪರಿಚಯವಿರಲಿಲ್ಲ. ಆದರೆ ಬೇಕಾದದ್ದು ಏನೆಂದು ಖಚಿತವಾಗಿ ಗೊತ್ತಿದ್ದವರ ಅಂದಾಜು ಪಟ್ಟಿಯಲ್ಲಿ ಕಮಾನಿಗೆ ಸಾಲು ಇರುವುದಿಲ್ಲ.

ನಮಗೆ ಬೇಕಾದದ್ದು ಏನು? ಈ ಪ್ರಶ್ನೆಗೆ ಉತ್ತರ ಸಿಕ್ಕದ್ದು ಬೀಳಗಿ ಮಾಮಾರಿಂದ. ಆಲಮಟ್ಟಿಯ ಹಿನ್ನೀರಿಗೆ ಅವರ ಊರು ಹೋಯಿತು. ಸರ್ವೆಗೆ ಬಂದವರು ಬಲು ಶಿಸ್ತಿನವರಂತೆ. ಮನೆಯ ಅಂಕಣ ಎಣಿಸಿದರು, ತೊಲೆ-ಕಂಬ ಅಳೆದರು, ಹೊಲ, ಬಾವಿ, ಬೇವಿನ ಗಿಡ, ಮಾವಿನ ಗಿಡ ಎಲ್ಲ ಬರೆದುಕೊಂಡರು. ಹಾಳೆಯ ತುಂಬ ಸಾಲುಗಳು. “ಏನೂ ಬಿಟ್ಟಿರಲಿಲ್ಲೋ ತಮ್ಮಾ. ಮುಂದ ಪುನರ್ವಸತಿ ಕೇಂದ್ರಕ್ಕ ಬಂದು ವಸ್ತಿ ಮಾಡಿದ ಮ್ಯಾಲ ಗೊತ್ತಾತು, ಅಗಸಿ ಮುಂದಿನ ಬಯಲು ಪಟ್ಟಿಯೊಳಗ ಇದ್ದಿಲ್ಲ ಅಂತ.” ಆ ಬಯಲಲ್ಲಿ ಅವರು ಚಿಣಿಕೋಲು ಆಡಿದ್ದರು, ಸುಗ್ಗಿ ಮುಗಿದ ಮೇಲೆ ಹುಡುಗರೆಲ್ಲ ಬೆಳದಿಂಗಳಿರುವ ತನಕ ಅಲ್ಲಿಯೇ ಬೀಳುತ್ತ ಏಳುತ್ತ ಇದ್ದರು. ಅದು ಯಾರದೂ ಅಲ್ಲದ್ದರಿಂದ ಅದಕ್ಕೆ ಪರಿಹಾರ ಕೇಳುವವರೂ ಇರಲಿಲ್ಲ. ಬರೆದುಕೊಂಡವರ ತಪ್ಪಲ್ಲ; ಪುಕ್ಕಟೆ ಸಿಕ್ಕ ವಸ್ತುವಿಗೆ ದರ ಯಾರು ಹಚ್ಚುತ್ತಾರೆ?

ಬನಹಟ್ಟಿಗೆ ಹಿನ್ನೀರು ಬರಲಿಲ್ಲ. ನಮ್ಮ ಬಯಲು ಬೇರೆ ದಾರಿಯಿಂದ ಹೋಯಿತು. ನಾವು ಹುಡುಗರಿದ್ದಾಗ ಕರೆಂಟು ಹೋಗುವುದೇ ಹಬ್ಬ. ಇಡೀ ಓಣಿಯ ಪವರ್‌ಲೂಮುಗಳ ಖಟಾಖಟಿ ಒಮ್ಮೆಲೇ ನಿಂತು, ಕಿವಿ ಬಿಚ್ಚಿದಂತಾಗಿ, ನೇಕಾರರು ಹೊರಗೆ ಬಂದು ಕಟ್ಟೆಗೆ ಕೂತು ಎಲೆ-ಅಡಿಕೆ ಹಾಕುವಷ್ಟರಲ್ಲಿ ನಮ್ಮ ಬೇರಿಂಗ್ ಗಾಡಿಗಳು ಹೊರಡುತ್ತಿದ್ದವು. ಮಗ್ಗದ ಗುಜರಿಯಿಂದ ಆಯ್ದ ಮೂರು 6204 ಬೇರಿಂಗು, ಒಂದು ಹಲಗೆ, ಮುಂದಿನ ಅಚ್ಚಿಗೆ ಕಟ್ಟಿದ ಹಗ್ಗವೇ ಸ್ಟೇರಿಂಗು, ನಮ್ಮ ಹಿಮ್ಮಡವೇ ಬ್ರೇಕು. ಉಕ್ಕಿನ ಗಾಲಿ ಫರಸಿಕಲ್ಲಿನ ಮೇಲೆ ಉರುಳುವ ಆರ್ಭಟಕ್ಕೆ, ಮಗ್ಗ ನಿಂತ ಸುಖವೂ ಇಲ್ಲದಾಯಿತು ಎಂದು ಹಿರಿಯರು ಬೈಯುತ್ತಿದ್ದರು. ಬಿದ್ದವರನ್ನು ಎತ್ತಲಿಕ್ಕೂ ಅವರೇ ಏಳುತ್ತಿದ್ದರು. ಆ ರಸ್ತೆಗೆ ನಾವು ಒಂದು ಪೈಸೆ ಪಟ್ಟಿ ಕೊಟ್ಟವರಲ್ಲ. ಆಮೇಲೆ ಮನೆಗೊಂದು ಮೋಟರ್ ಸೈಕಲ್ ಬಂತು, ಕಟ್ಟೆಗಳು ಒಡೆದು ಅಂಗಡಿಗಳಾದವು, ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಊರೊಳಗೇ ಹಾಯತೊಡಗಿದವು. ಇವೆಲ್ಲ ಬೇಕಾಗಿಯೇ ಬಂದವು. ಬೇಡವೆನ್ನಲು ನಾನು ಯಾರು? ಆದರೆ ಬೀಳಲು ಜಾಗವಿಲ್ಲದ ಮಕ್ಕಳಿಗೆ ನಾವು ‘ಬೀಳಬೇಡ’ ಎಂದು ಹೇಳುವುದನ್ನು ಮಾತ್ರ ಕಲಿತೆವು. ಸಾಹೇಬರ ಹಾಳೆಯಲ್ಲಿದ್ದ 380 ಚೀಲ ಸಿಮೆಂಟು ಒಂದು ಪುಕ್ಕಟೆ ಓಣಿಯ ಈಗಿನ ಬೆಲೆ.

ಅಂದಾಜು ಪಟ್ಟಿ ಈಗಲೂ ಸಾಹೇಬರ ಹತ್ತಿರವೇ ಇದೆ. ಸರಕಾರ ದರಪಟ್ಟಿ ಬದಲಿಸಿದಾಗಲೆಲ್ಲ ಅವರು ನಿಷ್ಠೆಯಿಂದ ತಿದ್ದುತ್ತಾರೆ, ಮೊತ್ತ ಬೆಳೆಯುತ್ತದೆ. ಮಕ್ಕಳೂ ಬೆಳೆಯುತ್ತಾರೆ, ಬರುವ ಸೂಟಿಗೆ ಹುಡುಗಿಯ ಚೀಲದಲ್ಲಿ ಹಲಗೆಯ ಬದಲು ನೀಟ್ ಪರೀಕ್ಷೆಯ ಪುಸ್ತಕ ಬಂದರೂ ಬಂತೇ. ಹನ್ನೆರಡು ವರ್ಷದ ಕೂಸಿಗೆ ಪಂಚವಾರ್ಷಿಕ ಯೋಜನೆ ಹೊಂದುವುದಿಲ್ಲ. ಅದಕ್ಕೇ ನಾನು ಹೇಳಿದ್ದು: ಎಲ್ಲವೂ ಒಮ್ಮೆಗೇ ಬೇಡ. ಎಂಟು ಅಡಿ ಅಗಲದ ಒಂದು ಬಾಗು, ಅದರ ಮುಂದೆ ಒಂದಿಷ್ಟು ನುಣ್ಣನೆಯ ನೆಲ, ಕೆಳಗೆ ಸರಿಯಾಗಿ ಗರಸು, ಇಷ್ಟು ಸಾಕು. ಕಮಾನಿನ ಸಾಲಿಗೆ ಕಾಟು ಹಾಕಿ, ಆನೆಗಳನ್ನು ಅಡವಿಗೆ ಕಳಿಸಿ, ಡಾಲ್ಬಿಯನ್ನು ಗಣಪತಿಗೆ ಬಿಡಿ. ಕಾಕಾ ಕೂಲಿ ಬೇಡವೆಂದಿದ್ದಾರೆ, ಜಾಬರ್ ಆಯುಷ್ಯಪೂರ್ತಿ ಬೇರಿಂಗ್ ತೊಳೆದುಕೊಡುವುದಾಗಿ ಬರೆಸಿದ್ದಾನೆ, ಷಡ್ಡಕ ಮುಧೋಳದಿಂದ ಸಿಮೆಂಟಿನ ಲಾರಿ ಬಾಡಿಗೆ ಹೊತ್ತಿದ್ದಾನೆ, ಬೀಳಗಿ ಮಾಮಾ ಯಾರೂ ಕೇಳದಿದ್ದರೂ ಒಂದು ಬ್ರಾಸ್ ಖಡಿ ಹಚ್ಚಿಕೊಂಡಿದ್ದಾರೆ. ನನ್ನ ಹೆಸರಿಗೆ ಹತ್ತು ಚೀಲ ಸಿಮೆಂಟು ಹಿಡಿಯಿರಿ. ಕರಿಕಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸಲೇಬೇಕು ಎಂದು ಮಾಸ್ತರರು ಹಟ ಹಿಡಿದಿದ್ದಾರೆ, ದಯಮಾಡಿ ಬೇಡ. ಬಿದ್ದ ಹುಡುಗರು ನಮ್ಮ ಹೆಸರುಗಳನ್ನು ಓದಿ ಮುಗಿಸುವಷ್ಟು ಹೊತ್ತು ನೆಲದ ಮೇಲೆ ಇರಬಾರದು.